ಹಕ್ಕುಚ್ಯುತಿಗೊಂದು ಕಾಯ್ದೆ: ಕ್ಯಾನ್‌ಬೆರಾದಲ್ಲಿದೆ, ಬೆಂಗಳೂರಿನಲ್ಲಿಲ್ಲ

2017ರ ಜೂನ್‌ನಲ್ಲಿ ಕರ್ನಾಟಕ ವಿಧಾನಸಭೆ ಇಬ್ಬರು ಪತ್ರಿಕಾ ಸಂಪಾದಕರಿಗೆ ಹಕ್ಕುಚ್ಯುತಿಗಾಗಿ, ಅಂದರೆ ಸದನದ ಮತ್ತು ಶಾಸಕರ ವಿಶೇಷಾಧಿಕಾರಕ್ಕೆ (ಹಕ್ಕುಬಾಧ್ಯತೆಗೆ) ಧಕ್ಕೆ ತಂದದ್ದಕ್ಕಾಗಿ, ಒಂದು ವರ್ಷ ಜೈಲು, 10,000 ರೂಪಾಯಿ ದಂಡ ವಿಧಿಸಿತು. ದೂರು ಶಾಸಕರದು, ವಿಚಾರಿಸಿದ ಹಕ್ಕುಬಾಧ್ಯತಾ ಸಮಿತಿ ಶಾಸಕರದು, ಶಿಕ್ಷೆ ಕೊಟ್ಟ ಸದನವೂ ಅವರದೇ.

ನಾನಿರುವ ಆಸ್ಟ್ರೇಲಿಯಾವೂ ಹೀಗೇ ಮಾಡಿತ್ತು. 1955ರಲ್ಲಿ ಇಲ್ಲಿನ ಕೆಳಮನೆ ಒಬ್ಬ ಪತ್ರಿಕಾ ಮಾಲೀಕನನ್ನೂ ಒಬ್ಬ ಪತ್ರಕರ್ತನನ್ನೂ ಮೂರು ತಿಂಗಳು ಜೈಲಿಗೆ ಹಾಕಿತು. ವಾರಂಟಿನಲ್ಲಿ ಹಕ್ಕುಚ್ಯುತಿ ಎಂದಷ್ಟೇ ಬರೆದಿದ್ದರೆ ಅದರ ಕಾರಣ ಕೆದಕುವಂತಿಲ್ಲ ಎಂದು ಇಲ್ಲಿನ ಅತ್ಯುನ್ನತ ನ್ಯಾಯಾಲಯ ಕೈತೊಳೆದುಕೊಂಡಿತು. ಎರಡೂ ದೇಶಗಳ ಸಂವಿಧಾನದಲ್ಲಿದ್ದುದು ಒಂದೇ ಏರ್ಪಾಡು: ಹಕ್ಕುಬಾಧ್ಯತೆಯ ಬಗ್ಗೆ ಕಾನೂನು ಮಾಡುವವರೆಗೆ ಬ್ರಿಟನ್ನಿನ ಸಂಸತ್ತಿನ ಕೆಳಮನೆಯಾದ ಹೌಸ್ ಆಫ್ ಕಾಮನ್ಸಿನ ಅಧಿಕಾರಗಳೇ ನಮ್ಮ ಸದನಗಳವು. ಆ ಕಾಮನ್ಸ್ 1666ರಿಂದೀಚೆಗೆ ಯಾರಿಗೂ ದಂಡ ಹಾಕಿಲ್ಲ. ಅದು ಜೈಲಿಗೆ ಕಳಿಸಿದರೂ ಅಧಿವೇಶನ ಮುಕ್ತಾಯವಾದಾಗ ಬಿಡುಗಡೆ. ಹಾಗಾದರೆ ನಮ್ಮ ಒಂದು ವರ್ಷ, 10,000 ರೂಪಾಯಿ ಎಲ್ಲಿಂದ ಬಂತು?

ಆಸ್ಟ್ರೇಲಿಯಾ 1987ರಲ್ಲಿ ಕಾಯ್ದೆ ಬರೆಯಿತು. ಜೈಲು ಹೆಚ್ಚೆಂದರೆ ಆರು ತಿಂಗಳು, ವ್ಯಕ್ತಿಗೆ ದಂಡ ಹೆಚ್ಚೆಂದರೆ 5,000 ಡಾಲರ್. ಒಂದೇ ತಪ್ಪಿಗೆ ಎರಡೂ ಇಲ್ಲ. ಸದನದ ಹೊರಗೆ ಸದಸ್ಯರನ್ನು ಟೀಕಿಸಿದ, ಮಾನಹಾನಿ ಮಾಡಿದ ಮಾತ್ರಕ್ಕೇ ಹಕ್ಕುಚ್ಯುತಿ ಆಗದು. ಜೈಲಿಗೆ ಕಳಿಸುವ ನಿರ್ಣಯದಲ್ಲೂ ವಾರಂಟಿನಲ್ಲೂ ತಪ್ಪಿನ ವಿವರ ಕಡ್ಡಾಯ. ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಈ ಕೊನೆಯದು. ಕೋರ್ಟಿಗೆ ಪರಿಶೀಲಿಸಲು ಕಾಗದದ ಮೇಲೆ ಏನಾದರೂ ಇರಬೇಕಲ್ಲ.

ನಮ್ಮಲ್ಲಿ ಸಂವಿಧಾನದ 194(3)ನೇ ವಿಧಿ, ಹಕ್ಕುಬಾಧ್ಯತೆ ಏನೆಂದು ರಾಜ್ಯದ ಶಾಸಕಾಂಗ ಕಾನೂನಿನಲ್ಲಿ ಬರೆಯಬಹುದು ಎನ್ನುತ್ತದೆ. ರಾಜ್ಯಗಳು ಕಾನೂನು ಮಾಡಬಹುದಾದ ವಿಷಯಗಳ ‘ರಾಜ್ಯ ಪಟ್ಟಿ’ಯ 39ನೇ ನಮೂದು ಆ ಅಧಿಕಾರವನ್ನೂ ಕೊಡುತ್ತದೆ. 1978ರ 44ನೇ ತಿದ್ದುಪಡಿ ಕಾಮನ್ಸಿನ ಹೆಸರನ್ನು ತೆಗೆಯಿತು, ತಿರುಳನ್ನು ಹಾಗೇ ಉಳಿಸಿತು. ಕಾನೂನು ಮಾತ್ರ ಬರಲಿಲ್ಲ. ಇದಕ್ಕೆ ಬರೀ ಸೋಮಾರಿತನ ಕಾರಣವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ‘ಸರ್ಚ್‌ಲೈಟ್’ ಪತ್ರಿಕೆಯ 1958ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬರೆಯದ ಹಕ್ಕುಬಾಧ್ಯತೆಯ ಮುಂದೆ ವಾಕ್ ಸ್ವಾತಂತ್ರ್ಯ ನಿಲ್ಲದು, ಆದರೆ ಸದನ ಅದನ್ನು ಕಾಯ್ದೆಯಾಗಿ ಬರೆದರೆ ಆ ಕಾಯ್ದೆ ಮೂಲಭೂತ ಹಕ್ಕುಗಳಿಗೆ ಒಳಪಡುತ್ತದೆ ಎಂದಿತು. ಬರೆಯದಿದ್ದರೇ ಲಾಭ ಎಂದಾದಾಗ ಯಾವ ಸದನ ಬರೆದೀತು?

2024ರ ಮಾರ್ಚ್ 4ರಂದು ಸೀತಾ ಸೊರೇನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ, ಮತಕ್ಕಾಗಿ ಲಂಚ ಪಡೆದ ಶಾಸಕನಿಗೆ ವಿಶೇಷಾಧಿಕಾರದ ರಕ್ಷಣೆಯಿಲ್ಲ ಎಂದಿತು. ಸದನದ ಕೆಲಸಕ್ಕೆ ಅಗತ್ಯವಾದಷ್ಟೇ ವಿಶೇಷಾಧಿಕಾರ ಎಂಬ ಅಳತೆಗೋಲನ್ನೂ ಕೊಟ್ಟಿತು. ಆ ಅಳತೆಗೋಲನ್ನು ಹಿಡಿದೇ ಕರ್ನಾಟಕ ವಿಧಾನಸಭೆ ಮಸೂದೆ ಬರೆಯಲಿ. ಟೀಕೆಗೆ ವಿನಾಯಿತಿ, ಶಿಕ್ಷೆಗೆ ಮಿತಿ, ವಾರಂಟಿನಲ್ಲಿ ಕಾರಣ, ಈ ಮೂರು ಕಲಮುಗಳಿಂದ ಶುರು ಮಾಡಬಹುದು.