ಹೂವಿಗೆ ಪುರುಸೊತ್ತಿಲ್ಲ

ಸಾರ್ವಜನಿಕ ಉದ್ಯಾನಗಳಲ್ಲಿ ಬೆಂಚು ಹಾಕಿಸುವವರು ಒಮ್ಮೆಯಾದರೂ ಅದರ ಮೇಲೆ ಕೂತು ನೋಡಿರುತ್ತಾರೆಯೇ? ನನಗಂತೂ ನಂಬಿಕೆಯಿಲ್ಲ. ನಾನು ಹೋಗುವ ಉದ್ಯಾನದಲ್ಲಿ ಟ್ಯೂಲಿಪ್ ಪಾತಿಗೆ ತಾಗಿದಂತೆ ಒಂದು ಬೆಂಚಿದೆ. ಬೆನ್ನು ಹೂವಿನ ಕಡೆಗೆ, ಮುಖ ಕಾಲುದಾರಿಗೆ. ಕೂತರೆ ಕಾಣುವುದು ಏದುಸಿರು ಬಿಡುತ್ತ ಓಡುವವರ ಮೊಣಕಾಲು. ಹೂವು ಬೇಕೆಂದರೆ ಕತ್ತನ್ನು ಪೂರ್ತಿ ಹೊರಳಿಸಬೇಕು, ಈ ವಯಸ್ಸಿನ ಕತ್ತು ಅಷ್ಟಕ್ಕೆಲ್ಲ ಒಪ್ಪುವುದಿಲ್ಲ. ಬೆಂಚನ್ನೇ ತಿರುಗಿಸೋಣವೆಂದರೆ ಅದರ ಕಾಲುಗಳು ಸಿಮೆಂಟಿನಲ್ಲಿ ಹೂತಿವೆ. ಹೋಗಲಿ, ಎದ್ದು ನಿಂತೇ ನೋಡೋಣ ಎಂದರೆ ಮೊಬೈಲ್ ಹಿಡಿದ ಯಾರೋ "ಅಂಕಲ್, ಸ್ವಲ್ಪ ಆ ಕಡೆ" ಎನ್ನುತ್ತಾರೆ. ಅವರ ಚಿತ್ರದಲ್ಲಿ ಹೂವೂ ಇರುವುದಿಲ್ಲ, ಬರೀ ಅವರ ಹಲ್ಲು.

ಬೀಳ್ಕೊಡುಗೆ ಸಭೆಯಲ್ಲಿ ಮಾತಾಡಿದವರೆಲ್ಲ "ಇನ್ನೇನು, ಹೂವು ಗಿಡ ನೋಡಿಕೊಂಡು ಆರಾಮಾಗಿರಿ" ಎಂದು ಹರಸಿ ಕಳಿಸಿದ್ದರು. ವಸಂತದ ಹೂವಿನ ಜಾಯಮಾನ ಅವರಿಗೆ ಗೊತ್ತಿದ್ದಂತಿಲ್ಲ. ಪುರುಸೊತ್ತು ಬಂದಿರುವುದು ನಮಗೆ, ಅದಕ್ಕಲ್ಲ. ಕಾಡಿನ ನೆಲದಲ್ಲಿರುವ ಗೆಡ್ಡೆಯ ಗಿಡಗಳನ್ನೇ ನೋಡಿ. ಮೇಲಿನ ಮರಗಳು ಎಲೆ ಬಿಟ್ಟು ಬಿಸಿಲನ್ನು ಮುಚ್ಚಿಹಾಕುವ ಮೊದಲೇ ಅವು ತಲೆಯೆತ್ತಿ, ಅರಳಿ, ದುಂಬಿಯನ್ನು ಕರೆಸಿ, ಬೀಜ ಕಟ್ಟಿ, ಮುಂದಿನ ವರ್ಷಕ್ಕೆ ಬೇಕಾದದ್ದನ್ನು ಗೆಡ್ಡೆಯಲ್ಲಿ ಕೂಡಿಟ್ಟು ಮತ್ತೆ ಮಲಗಬೇಕು. ಎಲ್ಲಕ್ಕೂ ಸಿಗುವುದು ಕೆಲವೇ ವಾರ. ವರ್ಷದ ಲೆಕ್ಕ ಮುಗಿಸುವ ದಿನಗಳಲ್ಲೂ ನಮ್ಮ ಕಚೇರಿ ಇಂಥ ಅವಸರ ಕಂಡಿರಲಿಲ್ಲ. ಇವತ್ತು ಮೈಗೆ ಹುಷಾರಿಲ್ಲ, ಬರುವ ವಾರ ನೋಡಿದರಾಯಿತು ಎಂದರೆ ಹೂವು ಕಾಯುವುದಿಲ್ಲ.

ಆ ಬೆಂಚಿನ ಇನ್ನೊಂದು ತುದಿಯಲ್ಲಿ ಕೂರುವ ಗೆಳೆಯರು ಲೆಕ್ಕಪರಿಶೋಧಕರಾಗಿದ್ದವರು. ಅವರು ಎಲ್ಲೋ ರಾಬರ್ಟ್ ಮಾರ್ಷಮ್ ಎಂಬಾತನ ಬಗ್ಗೆ ಓದಿದರು, ನನ್ನ ನೆಮ್ಮದಿ ಅಲ್ಲಿಗೆ ಮುಗಿಯಿತು. ಮಾರ್ಷಮ್ ಇಂಗ್ಲೆಂಡಿನ ನಾರ್ಫೋಕ್ ಪ್ರಾಂತದ ಜಮೀನುದಾರ. ಸ್ನೋಡ್ರಾಪ್ ಹೂವು ಮೊದಲು ಬಿಟ್ಟದ್ದು ಯಾವ ದಿನ, ಯಾವ ಮರ ಯಾವತ್ತು ಚಿಗುರಿತು, ಕಪ್ಪೆ ವಟಗುಟ್ಟಿದ್ದು ಯಾವಾಗ, ಬಾನಕ್ಕಿ ಬಂದದ್ದು ಯಾವಾಗ ಎಂದು 1736ರಲ್ಲಿ ಬರೆದಿಡತೊಡಗಿದವನು ಸಾಯುವ ಕಾಲದವರೆಗೂ ಬಿಡಲಿಲ್ಲ. ಸತ್ತದ್ದು 1797ರಲ್ಲಿ. ಒಟ್ಟು 27 ಬಗೆಯ ಗುರುತುಗಳು. ಅಲ್ಲಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿ ಅದನ್ನು 1789ರಲ್ಲಿ ಅಚ್ಚು ಹಾಕಿಸಿತು. ಆಮೇಲೂ ಮನೆತನದವರು ಪಟ್ಟಿಯನ್ನು 1958ರವರೆಗೆ ಎಳೆದುಕೊಂಡು ಬಂದರು. ಹವಾಮಾನ ಬದಲಾವಣೆಯ ಅಧ್ಯಯನಕ್ಕೆ ಆ ಪಟ್ಟಿ ಬಹಳ ಒದಗಿಬಂದಿದೆ. ಆ ಮನೆತನದಲ್ಲಿ "ತಾತ, ಸುಮ್ಮನೆ ಕೂತು ಹೂವು ನೋಡಬಾರದೆ?" ಎಂದು ಕೇಳುವ ಒಬ್ಬ ಮೊಮ್ಮಗನೂ ಹುಟ್ಟಲಿಲ್ಲವೇ ಎಂದು ನನಗೆ ಆಶ್ಚರ್ಯ.

ಗೆಳೆಯರು ಮರುದಿನವೇ ದಪ್ಪ ರಟ್ಟಿನ ರಿಜಿಸ್ಟರು ತಂದರು. ಕ್ರಮಸಂಖ್ಯೆ, ಗಿಡದ ಹೆಸರು, ಅರಳಿದ ದಿನಾಂಕ, ಷರಾ. ಇಷ್ಟಕ್ಕೆ ನಿಲ್ಲದೆ 'ವಿಳಂಬವಾಗಿದ್ದಲ್ಲಿ ಕಾರಣ' ಎಂದು ಇನ್ನೊಂದು ಅಂಕಣ. ಯಾರು ತುಂಬಬೇಕು ಅದನ್ನು? ಗಿಡವೇ? ಮೊದಲ ನಮೂದಿಗೇ ತಕರಾರು ಎದ್ದಿತು. ಕ್ರೋಕಸ್ ಹೂವೊಂದು ಬಿಸಿಲಿಗೆ ಬಾಯಿ ಬಿಟ್ಟಿತ್ತು, ಇವರು ದಿನಾಂಕ ಹಾಕಿ ಸಹಿ ಮಾಡಿದರು. ಅಷ್ಟರಲ್ಲಿ ಮೋಡ ಕವಿದು ತಣ್ಣಗಾಯಿತು, ಹೂವು ಮುಚ್ಚಿಕೊಂಡಿತು. ಆ ಜಾತಿಯೇ ಹಾಗೆ. ಶಾಖ ತಗುಲಿದರೆ ಎಸಳಿನ ಒಳಮೈ ಹೊರಮೈಗಿಂತ ಬೇಗ ಬೆಳೆದು ಹೂವು ಬಿಚ್ಚಿಕೊಳ್ಳುತ್ತದೆ, ಥಂಡಿಯಾದರೆ ಲೆಕ್ಕ ತಿರುವುಮುರುವು. ನಾನು ಎಷ್ಟು ಹೇಳಿದರೂ ಅವರು ಕೇಳಲಿಲ್ಲ. ಮುಚ್ಚಿದ ಹೂವನ್ನು ಅರಳಿದ್ದೆಂದು ತೋರಿಸುವುದು ಸುಳ್ಳು ದಾಖಲೆಯಂತೆ. ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ಪಕ್ಕದಲ್ಲಿ ಚಿಕ್ಕ ಸಹಿ. ಸ್ವಲ್ಪ ಹೊತ್ತಿಗೆ ಮತ್ತೆ ಬಿಸಿಲು, ಮತ್ತೆ ಹೂವು, ಮತ್ತೆ ನಮೂದು. ಆ ಪುಟ ಈಗ ಹೂಪಾತಿಗಿಂತ ಕೆಂಪಗಿದೆ.

ಎಸಳು ಎಷ್ಟು ಬಿಚ್ಚಿದರೆ ಅರಳಿದಂತೆ ಎಂಬುದರ ಮೇಲೆ ಈಗ ನಮ್ಮಿಬ್ಬರಿಗೂ ಅಷ್ಟಕ್ಕಷ್ಟೇ. ಜಗಳ ನಡೆಯುವಾಗ ಇಬ್ಬರೂ ಹೂವಿಗೆ ಬೆನ್ನು ಹಾಕಿಯೇ ಕೂತಿರುತ್ತೇವೆ ಎನ್ನುವುದು ಬೇರೆ ಮಾತು.

ಮನೆಯ ಅಂಗಳದಲ್ಲಾದರೂ ಸುಖವಿದೆಯೇ ಎಂದರೆ ಅಲ್ಲಿ ಬೆಂಚೇನೋ ಬೇಕಾದತ್ತ ತಿರುಗುತ್ತದೆ, ಕೂರಲು ಆಗುವುದಿಲ್ಲ. ಪಕ್ಕದ ಮನೆಯವರಿಗೆ ಕಾಣುವುದು ನಮ್ಮ ಹೂವು, ನನಗೆ ಕಾಣುವುದು ಅದರ ಬುಡದ ಕಳೆ. ಬೇರೆಯವರು ಕಳೆ ಕಿತ್ತ ಪಾತಿಯೇ ಚೆಂದ. ತೋಟಗಾರಿಕೆಯಿಂದ ಮನಸ್ಸು ಶಾಂತವಾಗುತ್ತದೆ ಎಂದು ಉಪದೇಶಿಸುವವರ ಉಗುರುಗಳನ್ನು ಒಮ್ಮೆ ಪರೀಕ್ಷಿಸಬೇಕು.

ಹೂವು ಉದುರಿದ ಮೇಲೆ ಇನ್ನೊಂದು ರಗಳೆ. ಡ್ಯಾಫೊಡಿಲ್‌ನ ಎಲೆಗಳನ್ನು ತಾವಾಗಿ ಹಳದಿಯಾಗಿ ಒರಗುವವರೆಗೆ ಮುಟ್ಟಬಾರದು, ಬರುವ ವರ್ಷದ ಹೂವಿಗೆ ಗೆಡ್ಡೆ ಕೊಬ್ಬುವುದು ಅವುಗಳಿಂದಲೇ. ಸುಮಾರು ಆರು ವಾರವಾದರೂ ಬೇಕು. ಅಷ್ಟೂ ದಿನ ಅಂಗಳ ನೋಡುವ ಹಾಗಿರುವುದಿಲ್ಲ, ನಿಜ. ಮನೆಯವರಿಗೆ ಅದು ಕಸ. ಕತ್ತರಿ ಬೇಡವಾದರೆ ಜುಟ್ಟು ಹಾಕಿದ ಹಾಗೆ ರಬ್ಬರ್ ಬ್ಯಾಂಡಾದರೂ ಸುತ್ತಿ ಎಂದರು. ಹಾಗೆ ಕಟ್ಟಿದರೆ ಎಲೆಗೆ ಬಿಸಿಲು ಸಾಲದು ಎಂದೆ. ಕತ್ತರಿಯನ್ನು ಈಗ ನಾನು ಬಚ್ಚಿಟ್ಟಿದ್ದೇನೆ. ಮಗಳು ಬರುವ ಭಾನುವಾರ ಬರುತ್ತಾಳಂತೆ, ತನ್ನದೇ ಕತ್ತರಿ ತರುತ್ತಾಳಂತೆ.