ಸ್ಪಷ್ಟನೆ: ಸರಾಸರಿಯಲ್ಲಿ ಕಾಣೆಯಾದ ಪುಟ್ಟ ಮಕ್ಕಳು

‘ಅಮೆರಿಕದ ಕಪ್ಪು ಮಕ್ಕಳಲ್ಲಿ ಆತ್ಮಹತ್ಯೆ ಕಡಿಮೆ, ತಡೆ ಕಾರ್ಯಕ್ರಮ ಬೇಕಿಲ್ಲ’ ಎಂಬ ಮಾತು ಹರಿದಾಡುತ್ತಿದೆ. ಇದು ಅಪಾಯಕಾರಿ ಅರ್ಧಸತ್ಯ.

2001–2015ರ ಸಾವಿನ ದಾಖಲೆಗಳನ್ನು ಆಧರಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 5ರಿಂದ 17 ವರ್ಷದವರನ್ನು ಒಟ್ಟಿಗೆ ಲೆಕ್ಕಹಾಕಿದಾಗ ಕಪ್ಪು ಮಕ್ಕಳ ಆತ್ಮಹತ್ಯೆ ಪ್ರಮಾಣ ಬಿಳಿಯ ಮಕ್ಕಳಿಗಿಂತ ಸುಮಾರು 42% ಕಡಿಮೆ ಇದ್ದದ್ದು ನಿಜ. ವಯಸ್ಸಿನ ಗುಂಪುಗಳನ್ನು ಬೇರೆ ಬೇರೆಯಾಗಿ ನೋಡಿದರೆ ಚಿತ್ರವೇ ಬೇರೆ: ಕಪ್ಪು ಮಕ್ಕಳ ಪ್ರಮಾಣ 13–17ರಲ್ಲಿ ಬಿಳಿಯರ ಸುಮಾರು ಅರ್ಧ, ಆದರೆ 5–12ರಲ್ಲಿ ಹೆಚ್ಚುಕಡಿಮೆ ಇಮ್ಮಡಿ. ಹದಿಹರೆಯದವರ ಸಾವುಗಳೇ ಸಂಖ್ಯೆಯಲ್ಲಿ ಬಹಳ ಹೆಚ್ಚು. ಅದಕ್ಕೇ ಸರಾಸರಿ ಅವರ ಕಡೆಗೇ ವಾಲುತ್ತದೆ.

ಹದಿಹರೆಯದಲ್ಲೂ ನೆಮ್ಮದಿಪಡುವಂತಿಲ್ಲ. 1991–2017ರ ನಡುವೆ ಕಪ್ಪು ಹೈಸ್ಕೂಲ್ ವಿದ್ಯಾರ್ಥಿಗಳು ತಾವೇ ಹೇಳಿಕೊಂಡ ಆತ್ಮಹತ್ಯೆ ಯತ್ನಗಳು 73% ಏರಿದವೆಂದು 2019ರ ಅಧ್ಯಯನ ತೋರಿಸಿತು.

ಮಗುವಿನ ಬಗ್ಗೆ ಇಂಥ ಅನುಮಾನ ಬಂದರೆ ‘ಸಾಯಬೇಕು ಅನ್ನಿಸುತ್ತಿದೆಯಾ?’ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಸಹಾಯಕ್ಕೆ ಕರೆ ಮಾಡಬೇಕಾದ ಸಂಖ್ಯೆ: ಅಮೆರಿಕದಲ್ಲಿ 988, ಭಾರತದಲ್ಲಿ ಟೆಲಿ-ಮಾನಸ್ 14416.