ಬ್ಲಾಕ್ ಮಾಡಮ್ಮ, ಸಾಕ್ಷಿ ಆಮೇಲೆ ನೋಡೋಣ

ಹೆಣ್ಣುಮಗಳ ಇನ್‌ಬಾಕ್ಸ್‌ಗೆ ಹೊಲಸು ಮೆಸೇಜ್ ಬಂದರೆ ನಮ್ಮಲ್ಲಿ ತನಿಖೆ ಶುರುವಾಗುವುದು ಅವಳ ಡಿಪಿಯಿಂದ. ಸೋದರಮಾವ ಜೂಮ್ ಮಾಡಿ ತೋಳಿನ ಅಳತೆ ನೋಡುತ್ತಾರೆ. ಅತ್ತೆ 'ಪ್ರೊಫೈಲ್ ಲಾಕ್ ಮಾಡ್ಕೊಳ್ಳೇ' ಎನ್ನುತ್ತಾರೆ. ಕಳಿಸಿದವನ ಡಿಪಿಯಲ್ಲಿರುವುದು ಸಿಂಹ, ಅದನ್ನು ಯಾರೂ ಜೂಮ್ ಮಾಡುವುದಿಲ್ಲ. ಕೊನೆಗೆ ಸರ್ವಾನುಮತದ ತೀರ್ಪು: 'ಬ್ಲಾಕ್ ಮಾಡಿ ಬಿಸಾಕು.'

ಇನ್‌ಸ್ಟಾಗ್ರಾಮ್‌ನಲ್ಲಿ ಬ್ಲಾಕ್ ಒತ್ತಿದರೆ ಅವಳ ಫೋಟೋಗಳ ಕೆಳಗೆ ಅವನು ಕಕ್ಕಿದ ಕಾಮೆಂಟುಗಳೆಲ್ಲ ಮಾಯ. ಕಳ್ಳನ ಹೆಜ್ಜೆಗುರುತಿನ ಮೇಲೆ ಮನೆಯವರೇ ಸಗಣಿ ಸಾರಿಸಿದ ಹಾಗೆ. ಠಾಣೆಯಲ್ಲಿ ಮೊದಲ ಪ್ರಶ್ನೆ: 'ಪ್ರೂಫ್ ಎಲ್ಲಮ್ಮ?'

ಸ್ಕ್ರೀನ್‌ಶಾಟ್ ತಂದಳೆನ್ನಿ. ಬೈಗುಳ ಇದೆ, ಕ್ರಾಪ್ ಮಾಡಿದ್ದರಿಂದ ತಾರೀಕಿಲ್ಲ. 'ಸ್ವೀಟ್ ಬಾಯ್' ಎಂಬ ಹೆಸರಿದೆ, ಲಿಂಕ್ ಇಲ್ಲ. ಆ ಹೆಸರೂ ಸಂಜೆಯೊಳಗೆ ಬದಲಾಗಿರುತ್ತದೆ. ಬ್ಲಾಕ್‌ಗೆ ಮೊದಲೇ ಪ್ರೊಫೈಲಿನ ಲಿಂಕ್, ಪೋಸ್ಟಿನ ಲಿಂಕ್ ಎರಡನ್ನೂ ಕಾಪಿ ಮಾಡಿಟ್ಟು, ಅವನ ಪ್ರೊಫೈಲಿನಿಂದ ಮೆಸೇಜಿನವರೆಗೆ ಒಂದೇ ಓಟದ ಸ್ಕ್ರೀನ್ ರೆಕಾರ್ಡಿಂಗ್ ಮಾಡಿ, ಫೋನನ್ನು ಫಾರ್ಮ್ಯಾಟ್ ಮಾಡದೆ ಉಳಿಸಿಕೊಳ್ಳಬೇಕು ಎಂದು ಮಾವ ಹೇಳಿರಲಿಲ್ಲ. ಅವರು ಹೇಳಿದ್ದು 'ಫ್ಯಾಮಿಲಿ ಗ್ರೂಪ್‌ಗೆ ಹಾಕು' ಎಂದು. ಡಿಜಿಟಲ್ ಸಾಕ್ಷ್ಯದ ಜೊತೆ ಕೋರ್ಟಿಗೆ ಕೊಡಬೇಕಾದ, ಸಾಕ್ಷ್ಯ ಅಧಿನಿಯಮದ 63(4)ರ ಸರ್ಟಿಫಿಕೇಟಿಗೆ ಫೈಲಿನ ಹ್ಯಾಶ್, ಅಂದರೆ ಅದರ ಡಿಜಿಟಲ್ ಬೆರಳಚ್ಚು, ಬೇಕು. ವಾಟ್ಸ್‌ಆ್ಯಪ್ ಕುಗ್ಗಿಸಿದ ಫೋಟೋಕ್ಕೂ ಮೂಲಕ್ಕೂ ಹ್ಯಾಶ್ ತಾಳೆಯಾಗುವುದಿಲ್ಲ.

ಎಲ್ಲ ಸರಿಯಿದ್ದರೆ? 'ಇದು ನಮ್ಮ ಲಿಮಿಟ್ಸ್ ಅಲ್ಲ, ಸೈಬರ್ ಕೇಸು ನೋಡುವ ಸೆನ್ ಸ್ಟೇಷನ್‌ಗೆ ಹೋಗಿ.' ಪೊಲೀಸರು ತಾವೇ ಕೇಸು ಹಾಕಬಹುದಾದ ಅಪರಾಧವಾದರೆ ಸಿಆರ್‌ಪಿಸಿಯ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್ ಕಾಯ್ದೆಯ 173ರಂತೆ ಯಾವ ಠಾಣೆಯೂ ಲಿಮಿಟ್ಸ್ ನೆಪ ಹೇಳುವಂತಿಲ್ಲ, ಜೀರೋ ಎಫ್‌ಐಆರ್ ಬರೆದುಕೊಳ್ಳಬೇಕು. ಇನ್ನೊಂದು ತಮಾಷೆ ಇದೆ. ಐಪಿಸಿಯ ಜಾಗಕ್ಕೆ ಬಂದ ಬಿಎನ್‌ಎಸ್‌ನ 78 ಎಂದರೆ ಹೆಣ್ಣಿನ ಬೆನ್ನು ಬೀಳುವ ಅಪರಾಧ, ಆನ್‌ಲೈನ್‌ನಲ್ಲಾದರೂ ಅಷ್ಟೇ. ಐಟಿ ಕಾಯ್ದೆಯ 78 ಎಂದರೆ ಆ ಕಾಯ್ದೆಯ ಕೇಸುಗಳ ತನಿಖೆಗೆ ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ಸಲ್ಲ ಎಂಬ ನಿಯಮ. ಮೊದಲ 78 ಹಗಲೂ ರಾತ್ರಿ ಡ್ಯೂಟಿಯಲ್ಲಿರುತ್ತಾನೆ. ಎರಡನೇ 78 ಬಂದೋಬಸ್ತ್‌ಗೆ ಹೋಗಿರುತ್ತಾರೆ.

ಅವನು ಖಾತೆಯನ್ನೇ ಅಳಿಸಿ ಓಡಿದರೂ ನೋಂದಣಿ ವಿವರವನ್ನು ಕಂಪನಿ 180 ದಿನ ಇಟ್ಟುಕೊಂಡಿರಬೇಕು ಎನ್ನುತ್ತವೆ 2021ರ ಐಟಿ ನಿಯಮಗಳು. ದೂರು ಈ ಠಾಣೆಯಿಂದ ಆ ಠಾಣೆಗೆ ನಡೆದುಕೊಂಡು ಹೋಗುವಷ್ಟರಲ್ಲಿ ದಿನಗಳು ಮುಗಿಯುತ್ತವೆ. ಇತ್ತ ಅವಳ ಡಿಪಿಯಲ್ಲಿ ಗುಲಾಬಿ ಹೂ ಬಂದಿದೆ, ಮಾವನಿಗೆ ಸಮಾಧಾನ. ಸಿಂಹ ಹೊಸ ಖಾತೆ ತೆರೆದು ಹುಲಿಯಾಗಿದೆ. ಹೂವಿನ ಕೆಳಗೆ 'ಹಾಯ್ ಡಿಯರ್' ಎಂದು ಬರೆದಿದೆ.